ಯಶೋದಾ ಕುಡಿದ ಚಹಾ

ಹರಿಹರದ ಯಶೋದಾ ನಾಲ್ಕು ವರ್ಷ ಊರವರ ಸೊಂಟ ಅಳೆದಳು. ಸಕ್ಕರೆ ಕಾಯಿಲೆ, ಬೊಜ್ಜು, ಹೃದಯಾಘಾತಗಳನ್ನು ಬರುವ ಮೊದಲೇ ತಡೆಯುವುದು ಹೇಗೆ ಎಂಬುದು ನಮ್ಮ ಸಂಶೋಧನೆ. ದಾವಣಗೆರೆಯ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು ಫಾರಂ ನೋಡುವವನು ನಾನು. ಬಿಸಿಲಲ್ಲಿ ಟೇಪು, ರಕ್ತ ಪರೀಕ್ಷೆಯ ಸೂಜಿ ಹಿಡಿದು ಮನೆಮನೆ ತಿರುಗುವವಳು ಅವಳು. ಅವಳ ಅಪ್ಪ ನಿಂಗಪ್ಪ ನಲವತ್ತೆಂಟಕ್ಕೇ ಎದೆ ಹಿಡಿದುಕೊಂಡು ಸತ್ತಿದ್ದ. "ಇನ್ನೊಂದು ಮನ್ಯಾಗೆ ಹಂಗಾಗಬಾರ್ದು ಸಾರ್" ಎಂದೇ ಕೆಲಸಕ್ಕೆ ಸೇರಿದ್ದಳು.

ಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಮೊದಲ ವಾರ ಕಾಳವ್ವ ಎಂಬ ಹೆಂಗಸಿನ ಮನೆಯಲ್ಲಿ ಯಶೋದಾ ಚಹಾ ಬೇಡವೆಂದಳು.

"ನಮ್ಮನಿ ಚಾ ಆಗಲ್ಲಂದ್ರ ನಿಮ್ಮ ಸೂಜಿನೂ ಬ್ಯಾಡ, ನಡೀರಿ" ಎಂದು ಕಾಳವ್ವ ಬಾಗಿಲು ಹಾಕಿದಳು.

ಯಶೋದಾ ಫೋನ್ ಮಾಡಿದಾಗ ನಾನು ದೊಡ್ಡ ಜಾಣನಂತೆ ಹೇಳಿದೆ: "ಒಂದ್ ಲೋಟ ಚಾ ಕುಡುದ್ರೆ ಏನಾಗ್ತೈತ್ರಿ? ಮನೆ ತಪ್ಪಬಾರ್ದು ನೋಡ್ರಿ."

ಅಂದಿನಿಂದ ಕುಡಿದಳು. ದಿನಕ್ಕೆ ಹನ್ನೆರಡು ಮನೆ, ಹನ್ನೆರಡು ಲೋಟ, ಒಂದೊಂದರಲ್ಲೂ ಎರಡೆರಡು ಚಮಚ ಸಕ್ಕರೆ. ಕುಡಿಯುತ್ತಲೇ ಸಕ್ಕರೆ ಬಿಡಿರೆಂದು ಬುದ್ಧಿ ಹೇಳುವಳು. "ಹೇಳೋದು ಆಚಾರ, ತಿನ್ನೋದು ಬದನೆಕಾಯಿ" ಎಂದು ಹೆಂಗಸರು ನಗುವರು. ಒಂದು ಮನೆಯೂ ತಪ್ಪಲಿಲ್ಲ. ಆಫೀಸಿನವರೆಲ್ಲ ನನ್ನ ಬೆನ್ನು ತಟ್ಟಿದರು.

ನಾಲ್ಕು ವರ್ಷದ ಕೊನೆಗೆ ನೋಡಿದರೆ ಊರವರ ಸಕ್ಕರೆ ಎಳ್ಳಷ್ಟೂ ಇಳಿದಿರಲಿಲ್ಲ. ಉಳಿದಿದ್ದ ಸ್ಟ್ರಿಪ್ಪೊಂದನ್ನು ಸಕ್ಕರೆ ನೋಡುವ ಮೀಟರಿಗೆ ಹಾಕಿ ಯಶೋದಾ ತಮಾಷೆಗೆ ತನ್ನ ಬೆರಳು ಚುಚ್ಚಿಕೊಂಡಳು. ಮುನ್ನೂರ ಎಂಬತ್ತು! ಊರಿನ ಸೊಂಟ ಅಳೆದವಳ ಸೊಂಟವನ್ನು ನಾವ್ಯಾರೂ ಅಳೆದಿರಲಿಲ್ಲ. ಅವಳ ಹೆಸರು ಫಾರಂನಲ್ಲಿ ಇರಲಿಲ್ಲವಲ್ಲ. ತಿರುಗಿ ತಿರುಗಿ ಆಗಿದ್ದ ಕಾಲಿನ ಹುಣ್ಣು ಮಾಯಲಿಲ್ಲ. ಹೋದ ವರ್ಷ ಎಡಪಾದ ತೆಗೆದರು. ಚಹಾ ಒಂದೇ ಕಾರಣವಲ್ಲ, ಅಪ್ಪನಿಂದಲೂ ಬಂದಿರಬಹುದು ಎಂದರು ಡಾಕ್ಟರು. ನನಗೆ ಮಾತ್ರ ಇವತ್ತಿಗೂ ಸಮಾಧಾನವಿಲ್ಲ.

ಈಗ ಹೊಸ ಸಂಶೋಧನೆ ಶುರುವಾಗಿದೆ. ಈ ಸಲ ಯಶೋದಾಳ ಓಣಿಯೂ ಪಟ್ಟಿಯಲ್ಲಿದೆ. ಹೊಸದಾಗಿ ಸೇರಿದ ಪೂಜಾಗೆ ಕೆಲಸ ಕಲಿಸಲು ಮೊನ್ನೆ ಅಲ್ಲಿಗೇ ಹೋದೆ. ಯಶೋದಾ ಹಾಸಿಗೆಯಲ್ಲೇ ಎದ್ದು ಕೂತು ಅಳತೆ ಕೊಟ್ಟಳು.

"ಇಲ್ಲಿ ಚಾ ಇಲ್ಲವ್ವ. ಎಲ್ಲೂ ಕುಡೀಬ್ಯಾಡ" ಎಂದಳು ಪೂಜಾಗೆ.

ಅಷ್ಟರಲ್ಲಿ ಯಶೋದಾಳ ತಾಯಿ ಮೈಲಮ್ಮ ಒಳಗಿಂದ ಲೋಟ ಹಿಡಿದು ಬಂದೇಬಿಟ್ಟರು. "ಬರಿಬಾಯಾಗೆ ಕಳ್ಸಾಕಾಗ್ತೈತೇನು? ಬ್ಯಾಡ ಅಂದ್ರ ಮತ್ತ ನಮ್ಮನಿಗೆ ಬರಬ್ಯಾಡ್ರಿ."

ಪೂಜಾ ನನ್ನ ಮುಖ ನೋಡಿದಳು. ಯಶೋದಾ ಕೂಡ ನೋಡಿದಳು.

"ಕುಡೀರಿ" ಎಂದೆ.

ಯಶೋದಾ ಗೋಡೆಯ ಕಡೆ ತಿರುಗಿ ಮಲಗಿದಳು. ಅದು ಪೂಜಾಳ ಅವತ್ತಿನ ಹನ್ನೆರಡು ಮನೆಗಳಲ್ಲಿ ಮೊದಲನೆಯದು.