ಮೂಗು ಒತ್ತುವ ಸೂಲಗಿತ್ತಿ

ಬ್ರಿಟಿಷರ ಕಾಲದ ಪುಣೆಯಲ್ಲಿ, ಹತ್ತಾರು ಬಿಡಾರಗಳಿದ್ದ ನಮ್ಮ ವಾಡೆಯ ಕನ್ನಡದ ಮನೆಗಳಿಗೆಲ್ಲ ಆಕೆಯೇ ಸೂಲಗಿತ್ತಿ. ಬಾಣಂತಿಯರಿಗೆ ಅರಿಶಿನ ಅರೆಯುತ್ತಿದ್ದವಳು ಹಾಗೇ ಎದ್ದು ಬಂದು, “ಮೊದಲ ಮೂಗ್ ತೋರಸ್ರಿ” ಎಂದು ಕೂಸಿನ ಮೂಗಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತುವಳು. ಒತ್ತಿದಲ್ಲಿ ಹಳದಿ ಕಂಡರೆ ಕಾಮಾಲೆ.

ನನ್ನ ತಮ್ಮ ಹುಟ್ಟಿದಾಗಲೂ ಒತ್ತಿದಳು. ಹಳದಿ! ಅವ್ವ ಅಳತೊಡಗಿದಳು. ದಿನಾ ಅಂಗಳದ ಎಳೆಬಿಸಿಲಿಗೆ ಹಿಡಿದರೂ, ಆಕೆ ಬಂದು ಒತ್ತಿದೊಡನೆ ಮತ್ತೆ ಹಳದಿ. ಕಡೆಗೆ ಅಪ್ಪ ಪಕ್ಕದ ಖಡಕಿ ಊರಿನಿಂದ ನಮ್ಮ ಕಡೆಯ ಡಾಕ್ಟರರೊಬ್ಬರನ್ನು ಕರೆತಂದರು. ಅವರು ಕೂಸಿನ ಮೂಗನ್ನು ಒರೆಸಿ, ಆಕೆಯ ಹೆಬ್ಬೆರಳು ನೋಡಿ ನಕ್ಕರು.

“ಕಾಮಾಲಿ ಅಲ್ರಿ, ಇದು ಅರಿಷಿಣ.”

ಆಕೆ ಸುಮ್ಮನಿರುವವಳೇ? ಡಾಕ್ಟರರ ಮೂಗನ್ನೇ ಒತ್ತಿ, ದಿಟ್ಟಿಸಿ ನೋಡಿ, ಅವ್ವನತ್ತ ತಿರುಗಿದಳು.

“ಪಾಪ, ಇವರಿಗೂ ಅದ. ಮೊದಲ ಇವರನ್ನ ಬಿಸಲಿಗೆ ಕೂಡಸ್ರಿ.”