ಮೆಟ್ಟಿಲ ಮೇಲೆ ಬಿಟ್ಟ ಚಪ್ಪಲಿ

ಸ್ವಾನ್ ವ್ಯಾಲಿಯ ದ್ರಾಕ್ಷಿ ತೋಟಗಳ ನಡುವೆ ಇಟ್ಟಿಗೆಯ ಒಂದು ಪುಟ್ಟ ಆಂಗ್ಲಿಕನ್ ಚರ್ಚಿದೆ. ಅದರ ಕೊನೆಯ ಆರಾಧನೆಯ ಹಿಂದಿನ ದಿನ ನಾನೂ ನನ್ನ ರೂಮ್‌ಮೇಟೂ ನಾವಿರುವ ಬೆಂಟ್ಲಿ ಬಡಾವಣೆಯಿಂದ ಕಾರಿನಲ್ಲಿ ಹೋಗಿದ್ದೆವು. ಮುಚ್ಚುವ ಮೊದಲು ನೋಡಬೇಕೆಂದು ನಾನೇ ಹಟ ಹಿಡಿದಿದ್ದೆ. ಹಾಸನದ ಕಡೆಯ ನಮ್ಮೂರ ಚರ್ಚೂ ಅಷ್ಟೇ ಚಿಕ್ಕದು.

ನಮ್ಮೂರ ರೂಢಿಯಂತೆ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟೆ. ನನ್ನನ್ನು ನೋಡಿ ಅವಳೂ ಬಿಟ್ಟಳು.

"ಅಯ್ಯೋ, ಇಲ್ಲಿ ಶೂ ಹಾಕ್ಕೊಂಡೇ ಹೋಗ್ತಾರಲ್ವೇನೇ?" ಎಂದಳು ಆಮೇಲೆ.

"ಬಿಟ್ಟಾಯ್ತಲ್ಲ, ಬಾ."

"ಸರಿ ಬಿಡು, ಕದಿಯೋಕೆ ಕಾಂಗರೂ ಬಿಟ್ರೆ ಯಾರಿದಾರೆ?"

ಒಳಗೆ, ಬೀಗದ ಕೈ ಇಟ್ಟುಕೊಂಡಿದ್ದ ಮುದುಕಿ ಹಿತ್ತಾಳೆಯ ಶಿಲುಬೆ ಒರೆಸುತ್ತಿದ್ದರು. ಬಟ್ಟೆ ಕೆಳಗಿಟ್ಟು ಚರ್ಚಿನ ಕಥೆ ಹೇಳಿದರು. ನದಿದಂಡೆಯ ಜೇಡಿಮಣ್ಣಿನಲ್ಲಿ ಇಟ್ಟಿಗೆ ಸುಟ್ಟು ತೋಟದವರೇ ಕಟ್ಟಿದ್ದಂತೆ. ಒಂದು ಇಟ್ಟಿಗೆಯಲ್ಲಿ, ಹಸಿ ಇದ್ದಾಗ ತುಳಿದ ನಾಯಿಯ ಹೆಜ್ಜೆ ಇನ್ನೂ ಇತ್ತು. ಕೊಯ್ಲು ಮುಗಿದ ಭಾನುವಾರ ಜನ ಹೊರಗೂ ನಿಲ್ಲುತ್ತಿದ್ದರಂತೆ. ತೋಟಗಳು ಕೈ ಬದಲಾದವು. ವಾರದ ಆರಾಧನೆ ತಿಂಗಳಿಗೊಮ್ಮೆಯಾಯಿತು. ನಾಳೆ ಅದೂ ಮುಗಿದು ಬೀಗ ಬೀಳುತ್ತದೆ.

ಮಾತಾಡುತ್ತ ಬಾಗಿಲಿಗೆ ಬಂದವರು ಮೆಟ್ಟಿಲು ನೋಡಿ ನಿಂತುಬಿಟ್ಟರು.

"ಬಂದ್ಯಾ?" ಎಂದರು ಇಂಗ್ಲಿಷಿನಲ್ಲಿ. ನಮಗಲ್ಲ.

"ಸಾರಿ ಆಂಟಿ, ಅದು ನಮ್ಮದು," ಎಂದಳು ಗೆಳತಿ.

ಅವರ ಗಂಡ ಟ್ರ್ಯಾಕ್ಟರಿನಲ್ಲೇ ಚರ್ಚಿಗೆ ಬರುತ್ತಿದ್ದರಂತೆ. ಕೆಸರಿನ ಬೂಟು ಮೆಟ್ಟಿಲ ಮೇಲೆ ಬಿಟ್ಟು, ಕಾಲುಚೀಲದಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದದ್ದು ಅವರೊಬ್ಬರೇ. ಹೊರಡುವಾಗ ಸುಲಭವಾಗಲೆಂದು ಈಕೆ ಬೂಟನ್ನು ರಸ್ತೆಯ ಕಡೆ ತಿರುಗಿಸಿಡುತ್ತಿದ್ದರು.

"ಅವನ ಹೆಣ ಇಲ್ಲಿಂದಲೇ ಹೊರಟಿದ್ದು. ಬೂಟನ್ನ ಅಷ್ಟರಲ್ಲಿ ಯಾರಿಗೋ ಕೊಟ್ಬಿಟ್ಟಿದ್ದೆ. ಬರಿಗಾಲಲ್ಲಿ ಎಲ್ಲಿಗೆ ಹೋಗ್ತಾನೆ? ಆರ್ವೋ, ಮಧ್ಯಾಹ್ನದ ಹೊತ್ತಲ್ಲಿ ನಾನೊಬ್ಬಳೇ ಇದ್ರೆ ಆ ಬೆಂಚು ಕಿರುಗುಟ್ಟುತ್ತೆ. ನಾಳೆ ಬೀಗ ಹಾಕಿದ್ರೆ ಒಳಗೇ ಉಳ್ಕೊಂಡ್ಬಿಡ್ತಾನೆ."

ಅವರು ಗೋಡೆ ಹಿಡಿದು ಬಗ್ಗಿದರು. ಗೆಳತಿಯದನ್ನು ಮುಟ್ಟಲಿಲ್ಲ. ನನ್ನವು ಅಣ್ಣನ ಹಳೆಯ ಚರ್ಮದ ಚಪ್ಪಲಿಗಳು, ದೊಡ್ಡವು. ಅವನ್ನು ರಸ್ತೆಯ ಕಡೆ ತಿರುಗಿಸಿಟ್ಟರು. ಆಮೇಲೆ ಬಾಗಿಲ ಪಕ್ಕಕ್ಕೆ ಸರಿದು, ನಮಗೂ ಸರಿಯಲು ಸನ್ನೆ ಮಾಡಿದರು.

ಕೊನೆಯ ಬೆಂಚು ಕಿರುಗುಟ್ಟಿತು. ಹಳೆಯ ಮರ, ಬಿಸಿಲಿಗೆ ಸದ್ದು ಮಾಡುತ್ತದೆ. ಅದರ ಮೇಲೆ ಯಾರೂ ಇರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು ಚಪ್ಪಲಿಗೆ ಕಾಲಿಟ್ಟೆ, ತಕ್ಷಣ ತೆಗೆದೆ. ಮೆಟ್ಟಿಲು ಆಗಿನಿಂದಲೂ ನೆರಳಿನಲ್ಲೇ ಇತ್ತು. ತನ್ನವು ತಣ್ಣಗಿವೆ ಎಂದಳು ಗೆಳತಿ.

ಮುದುಕಿ ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಗಂಡ ಹೋದರೆಂದು ಹೇಳಲು ನನಗೇನು ಗೊತ್ತಿತ್ತು? ಗೊತ್ತಿದ್ದಷ್ಟನ್ನೇ ಹೇಳಿದೆ.

"ಬೆಚ್ಚಗಿವೆ."

ಅವರು ತಲೆಯಾಡಿಸಿ, ಬಾಗಿಲೆಳೆದು ಆ ದಿನದ ಬೀಗ ಹಾಕಿದರು. ನಾನು ಚಪ್ಪಲಿಯನ್ನು ಅಲ್ಲೇ ಬಿಟ್ಟು, ಕಾರಿನವರೆಗೆ ಬರಿಗಾಲಲ್ಲಿ ನಡೆದೆ.