ಎಲೆಅಡಿಕೆ ಚೀಲದ ಗುಳಿಗೆಗಳು

ಪೈಪುಗಳ ವೆಲ್ಡಿಂಗಿನಲ್ಲಿ ಬಿರುಕಿದೆಯೇ ಎಂದು ವಿಕಿರಣದಿಂದ ಚಿತ್ರ ತೆಗೆದು ನೋಡುವ ಕೆಲಸ ನನ್ನ ಅಣ್ಣನದು. ಒಂದು ದಿನ ಚಿತ್ರ ತೆಗೆಯುವ ಯಂತ್ರದ ವಿಕಿರಣ ಸೂಸುವ ತುಣುಕು ಒಳಗೆ ಹೋಗದೆ ಹೊರಗೇ ಸಿಕ್ಕಿಕೊಂಡಿತ್ತು. ತಿಳಿಯದೆ ಅಣ್ಣ ಅದರ ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚಿ ಉಂಡ. ಸಂಜೆಗೆ ವಾಂತಿ ಶುರುವಾದಾಗ ಪಲ್ಯ ಹಳಸಿತ್ತೇನೋ ಎಂದುಕೊಂಡನಂತೆ. ಎಚ್ಚರಿಸುವ ಮೀಟರು ಕೆಟ್ಟಿದ್ದರೂ ಅವನನ್ನು ಕೆಲಸಕ್ಕೆ ಹಚ್ಚಿದವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಬಹಳ ದಿನ ಇಟ್ಟುಕೊಂಡು, ಸ್ವಲ್ಪ ಚೇತರಿಸಿದ ಮೇಲೆ ಕಳಿಸಿದರು. ಹಿರೇಬೆಂಡಿಗೇರಿಯ ಅವ್ವನ ಮನೆಗಿಂತ ಶಿಗ್ಗಾಂವದ ನನ್ನ ಮನೆ ಹೆದ್ದಾರಿಗೆ ಹತ್ತಿರ. ಜ್ವರ ಬಂದರೆ ತಕ್ಷಣ ಹೊರಡಬಹುದೆಂದು ಅಣ್ಣನನ್ನು ಇಲ್ಲಿಗೇ ತಂದೆವು, ನೋಡಿಕೊಳ್ಳಲು ಅವ್ವನೂ ಬಂದಳು. ಡಾಕ್ಟರು ನನ್ನನ್ನೂ ಅವ್ವನನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಮೂಳೆಯೊಳಗೆ ರಕ್ತ ಹುಟ್ಟುವ ಜಾಗ ಸೋತಿದೆ, ಅದನ್ನು ಎಬ್ಬಿಸಲು ಸೂಜಿ. ಅದು ಏಳುವ ತನಕ ಸೋಂಕು ತಡೆಯಲು ಒಂದು ಗುಳಿಗೆ, ಬಾಯಿ, ಗಂಟಲಿಗೆ ಬೂಷ್ಟು ಹತ್ತದಂತೆ ಇನ್ನೊಂದು.

"ಎಲ್ಲಾ ಕೂಡೇ ಕೆಲಸ ಮಾಡ್ತಾವ್ರಿ. ಒಂದು ಬಿಟ್ರೂ ನಡಿಯೂದಿಲ್ಲ."

ಅವ್ವ ತಲೆಯಾಡಿಸಿದಳು. ಆದರೆ ನಮ್ಮ ಮನೆಯಲ್ಲಿ ಎರಡು ಔಷಧ ಒಟ್ಟಿಗೆ ಹೊಟ್ಟೆಗೆ ಹೋದದ್ದೇ ಇಲ್ಲ. ಕಷಾಯ ಕುಡಿದ ದಿನ ಗುಳಿಗೆ ಇಲ್ಲ, ಗುಳಿಗೆ ನುಂಗಿದ ದಿನ ಕಷಾಯ ಇಲ್ಲ. ಸೇರಿದರೆ ಒಳಗೆ ಕಾದಾಡುತ್ತವೆ ಎಂದು ಅವಳ ನಂಬಿಕೆ. ನಾನು ಹೊಲಿಗೆ ಅಂಗಡಿಗೆ ಹೋದ ಮೇಲೆ ಅಣ್ಣನಿಗೆ ಗುಳಿಗೆ ಕೊಡುವವಳು ಅವಳೇ.

ಕೆಲವೇ ದಿನಗಳಲ್ಲಿ ಅಣ್ಣನ ಹೊಟ್ಟೆ ತೊಳಸುವುದು ಕಡಿಮೆಯಾಯಿತು. ಗಂಜಿ ಸಾಕು, ಬಿಸಿ ರೊಟ್ಟಿ ಬೇಕು ಎಂದ. ಅವ್ವನ ಮುಖ ಅರಳಿತು. ನನಗೂ ಹೋದ ಜೀವ ಬಂದಂತಾಗಿ, ಸವಣೂರಿನ ಚಿಕ್ಕಮ್ಮನಿಗೆ ಫೋನು ಮಾಡಿ ಇನ್ನು ಭಯವಿಲ್ಲ ಅಂದೆ.

ಆಮೇಲೆ ಒಂದು ಬೆಳಿಗ್ಗೆ ಜ್ವರ ಏರಿತು. ಬಾಯೊಳಗೆಲ್ಲ ಬಿಳಿ ಪದರ. ಹುಬ್ಬಳ್ಳಿಗೆ ಓಡಿದೆವು. ಗುಳಿಗೆ ತಪ್ಪಿಸಿದಿರೇನು ಎಂದು ಡಾಕ್ಟರು ಕೇಳಿದಾಗ ನಾನು ಸಿಡುಕಿದೆ, "ಒಂದೂ ತಪ್ಪಿಸಿಲ್ರಿ."

ಅವ್ವ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿದಳು. ಸುಣ್ಣದ ಡಬ್ಬಿಯ ಪಕ್ಕದಲ್ಲಿ ಗುಳಿಗೆಗಳಿದ್ದವು.

"ಒಂದು ದಿನ ಇದು, ಒಂದು ದಿನ ಅದು ಕೊಟ್ಟೇನ್ರಿ. ಎರಡೂ ಕೂಡಿದ್ರ ಅವನ ಹೊಟ್ಟಿ ತಾಳ್ತಿದ್ದಿಲ್ಲ. ಉಣ್ಣಾಕ ಸುರು ಮಾಡಿದ್ದನ್ರಿ."

ನಾನು ಆ ಗುಳಿಗೆಗಳನ್ನು ಒಂದೊಂದಾಗಿ ಎಣಿಸಿ ಡಾಕ್ಟರ ಮೇಜಿನ ಮೇಲಿಟ್ಟೆ.

ಅಣ್ಣ ಉಳಿಯಲಿಲ್ಲ. "ನಾ ಎರಡೂ ಕೊಟ್ಟಿದ್ರ ಉಳೀತಿದ್ನೇನ್ರಿ?" ಎಂದು ಅವ್ವ ಡಾಕ್ಟರನ್ನು ಕೇಳಿದಳು. ಅವರು "ಹೇಳಾಕ ಬರೂದಿಲ್ಲವ್ವಾ. ಮೈಗೆ ಬಿದ್ದ ಕಿರಣ ಭಾಳ ಇತ್ತು" ಅಂದರು. ಇಲ್ಲ ಎಂದುಬಿಟ್ಟಿದ್ದರೆ, ಅದು ಸುಳ್ಳಾಗಿದ್ದರೂ, ನಾನು ಅವರಿಗೆ ಕೈಮುಗಿಯುತ್ತಿದ್ದೆ.

ಈಗ ಅವ್ವ ನನ್ನ ಜೊತೆಗಿದ್ದಾಳೆ. ಅವಳಿಗೆ ಸಕ್ಕರೆ ಕಾಯಿಲೆಗೊಂದು, ಬಿಪಿಗೊಂದು ಗುಳಿಗೆ. ಮೊದಲು ದಿನ ಬಿಟ್ಟು ದಿನ ಬೇರೆ ಬೇರೆ ನುಂಗುತ್ತಿದ್ದವಳು ಈಗ ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ನನ್ನನ್ನು ಕರೆಯುತ್ತಾಳೆ. ಒಟ್ಟಿಗೇ ಬಾಯಿಗೆ ಹಾಕಿ, ನೀರು ಕುಡಿದು, ಬಾಯಿ ತೆರೆದು ತೋರಿಸುತ್ತಾಳೆ.

"ಎರಡೂ ಕೂಡೇ ನುಂಗೇನಿ," ಎನ್ನುತ್ತಾಳೆ. "ಏನೂ ಆಗೂದಿಲ್ಲ ನೋಡವಾ."